ಕಾರಿನೊಳಗೆ ದೋಣಿಯ ಬ್ಯಾಟರಿ

ಉತ್ತರದ ಹಿಮನಾಡಿನ ಪುಟ್ಟ ಊರು ಕೊರ್ಪಿಯಾರ್ವಿಯ ಚಳಿ ಯಾರ ಮುಲಾಜನ್ನೂ ನೋಡುವುದಿಲ್ಲ. ನವೆಂಬರ್ ಬಂತೆಂದರೆ ಊರಿನ ಅಂಗಳ ಅಂಗಳದಲ್ಲೂ ಒಂದೇ ಸದ್ದು. ಕೀಲಿ ತಿರುಗುತ್ತದೆ, ಎಂಜಿನ್ನು ಮುಲುಕುತ್ತದೆ, ನರಳುತ್ತದೆ, ಸುಮ್ಮನಾಗುತ್ತದೆ. ಆಮೇಲೆ ಕಾರಿನೊಳಗಿಂದ ಒಂದು ಬೈಗುಳ. ಆ ವರ್ಷ ಇರ್ಮೆಲಿಯ ಅಂಗಳದಲ್ಲೂ ಅದೇ ಸದ್ದು ಕೇಳತೊಡಗಿತು.

ಬೇರೆಯವರಿಗಾದರೆ ಅದು ಬರೀ ಕಿರಿಕಿರಿ. ಇರ್ಮೆಲಿಗೆ ಹಾಗಲ್ಲ. ಅವಳ ತಾಯಿ ಲೆಂಪಿ ಎರಡು ಗಂಟೆ ದಾರಿಯಾಚೆ, ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ್ದಳು. ಎದ್ದು ಮನೆಗೆ ಬರುವಂಥ ಕಾಯಿಲೆಯಲ್ಲ. ಅದು ತಾಯಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಹಿಂದೆ ಊರಿನಲ್ಲೇ ಒಂದು ಪುಟ್ಟ ವಾರ್ಡ್ ಇತ್ತು. ಸಾಯುವವರು ತಮ್ಮ ಕೆರೆಯನ್ನು ಕಿಟಕಿಯಲ್ಲಿ ನೋಡುತ್ತಾ ಸಾಯುತ್ತಿದ್ದರು. ಖರ್ಚು ಹೆಚ್ಚೆಂದು ಮೇಲಿನವರು ಅದನ್ನು ಮುಚ್ಚಿದರು. ಆಮೇಲೆ ಬಸ್ಸು ನಿಲ್ಲಿಸಿದರು. ಜನ ಹತ್ತುವುದಿಲ್ಲವಂತೆ. ವಾರ್ಡ್ ಮುಚ್ಚಿದ ಮೇಲಲ್ಲವೇ ಜನ ಬಸ್ಸು ಹತ್ತಬೇಕಾಗಿ ಬಂದದ್ದು? ಈ ಪ್ರಶ್ನೆ ಕೇಳಿದವರಿಗೆಲ್ಲ ಸಭೆಯಲ್ಲಿ ಕಾಫಿ ಕೊಟ್ಟು ಕಳಿಸಿದರು.

ಹೀಗೆ ತಾಯಿಗೂ ಮಗಳಿಗೂ ನಡುವೆ ಉಳಿದದ್ದು ಒಂದು ಹಳೆಯ ಕಾರು.

ಲೆಂಪಿ ಬಾಯಿ ಬಿಟ್ಟು ಕೇಳಿದ್ದು ಒಂದೇ. "ಕೊನೇ ಹೊತ್ನಲ್ಲಿ ನೀನು ಪಕ್ಕದಲ್ಲಿರ್ಬೇಕು ಕಣೇ. ಇಲ್ಲಿನೋರು ಒಳ್ಳೇವ್ರೇ. ಆದ್ರೆ ನಮ್ಮನೆ ಮಾತು ಅವ್ರಿಗೆ ಬರಲ್ಲ."

ಬರುತ್ತೇನೆಂದು ಇರ್ಮೆಲಿ ಮಾತು ಕೊಟ್ಟಿದ್ದಳು.

ಆ ಶನಿವಾರ ತೆರ್ಹಿ ಕಾಫಿಗೆ ಬಂದಳು. ತೆರ್ಹಿ ಊರಿನ ಮನೆ ಮನೆಗೆ ಹೋಗುವ ನರ್ಸು. ವಯಸ್ಸಾದವರಿಗೆ ಇನ್ಸುಲಿನ್ ಚುಚ್ಚುವುದು, ಗಾಯ ತೊಳೆದು ಕಟ್ಟುವುದು, ಮಾತ್ರೆ ನುಂಗಿಸುವುದು ಅವಳ ಕೆಲಸ. ಇಡೀ ಚಳಿಗಾಲ ಅವಳ ಕಾರು ನಿಂತು, ಹೊರಟು, ಮತ್ತೆ ನಿಂತು ಓಡುತ್ತದೆ. ಹಾಗಾಗಿ ಅಂಗಳದಲ್ಲಿ ಔಲಿಸ್ ಕಾರು ಶುರು ಮಾಡಲು ಒದ್ದಾಡುತ್ತಿದ್ದ ಸದ್ದು ಕೇಳಿದ ಕೂಡಲೇ ಅವಳಿಗೆ ವಿಷಯ ತಿಳಿಯಿತು. ಬ್ಯಾಟರಿ ಮುಗಿದಿದೆ, ಇವತ್ತೋ ನಾಳೆಯೋ ಎಂದಳು.

ಔಲಿಸ್ ಇರ್ಮೆಲಿಯ ಗಂಡ. ಕೆಟ್ಟವನಲ್ಲ. ಮನೆಯಲ್ಲಿ ಇರುವುದರಲ್ಲೇ ಎಲ್ಲವನ್ನೂ ನಿಭಾಯಿಸಿಬಿಡಬೇಕು, ಅಂಗಡಿಗೆ ಹೋದರೆ ಸೋತ ಹಾಗೆ ಎಂದು ತಿಳಿದ ಗಂಡಸು. ಅಂಥವರು ಅಲ್ಲಿ ಮನೆಗೊಬ್ಬರಿದ್ದಾರೆ. ಅವನು ಕೈ ಒರೆಸಿಕೊಂಡು ಒಳಗೆ ಬಂದು, ಏಲಕ್ಕಿ ಬನ್ನು ಮುರಿಯುತ್ತಾ ನಕ್ಕ.

"ಅಲ್ಲಮ್ಮಾ ತೆರ್ಹಿ, ಜನರ ಬಿ.ಪಿ. ನೋಡಿ ಸಾಕಾಗಿ ಈಗ ಕಾರುಗಳ ನಾಡಿ ಹಿಡಿಯೋಕೆ ಶುರು ಮಾಡಿದ್ಯಾ?"

"ನಿನ್ನ ನಾಡಿಗಿಂತ ಕಾರಿಂದೇ ವಾಸಿ. ಅದು ಕೆಟ್ಟಿದೆ ಅಂತ ಬಾಯಿ ಬಿಟ್ಟು ಹೇಳ್ತಿದೆ," ಎಂದಳು ತೆರ್ಹಿ. "ಹೊಸ ಬ್ಯಾಟರಿ ತಗೋ. ಆದ್ರೆ ಯಾವುದೋ ಒಂದನ್ನ ತಂದು ಕೂರಿಸ್ಬೇಡ."

ಬ್ಯಾಟರಿಯೆಂದರೆ ಬ್ಯಾಟರಿ, ಅದರಲ್ಲಿ ಯಾವುದೋ ಒಂದು ಎಂದರೇನು ಎಂದು ಔಲಿಸ್ ಕೇಳಿದ. ತೆರ್ಹಿ ಬಿಡಿಸಿ ಹೇಳಿದಳು. ಈ ಕಾರು ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ನು ತಾನಾಗಿಯೇ ಆರಿ, ಕಾಲು ಒತ್ತಿದರೆ ತಾನಾಗಿಯೇ ಹತ್ತಿಕೊಳ್ಳುತ್ತದಲ್ಲ? ಹಾಗೆ ಮತ್ತೆ ಮತ್ತೆ ಹೊತ್ತಿಸುವ ಶ್ರಮವನ್ನು ಸಾಮಾನ್ಯ ಬ್ಯಾಟರಿ ತಾಳುವುದಿಲ್ಲ. ಅದಕ್ಕೆಂದೇ ಮಾಡಿದ ಬ್ಯಾಟರಿ ಬೇರೆ. ಅದರ ಮೇಲೆ ಎಜಿಎಂ ಎಂದೋ ಇಎಫ್‌ಬಿ ಎಂದೋ ಬರೆದಿರುತ್ತದೆ. ಹಳೆಯದರ ಮೇಲೆ ಎಜಿಎಂ ಎಂದಿದ್ದರೆ ಹೊಸದೂ ಅದೇ ಆಗಬೇಕು. ಅದಕ್ಕಿಂತ ಕೆಳಗಿಳಿಯಬಾರದು.

ಹಳೆಯದರ ಮೇಲೆ ಏನಿದೆಯೆಂದು ಇರ್ಮೆಲಿ ಕೇಳಿದಳು. ಎಜಿಎಂ ಎಂದೇ ಇದೆ ಎಂದು ಔಲಿಸ್ ಒಪ್ಪಿಕೊಂಡ. ಒಪ್ಪಿಕೊಂಡವನೇ ಎದ್ದು ನಿಂತ. ದೋಣಿಮನೆಯಲ್ಲಿ ದೋಣಿಯ ಬ್ಯಾಟರಿ ಸುಮ್ಮನೆ ಕೂತಿದೆ, ಕಳೆದ ಬೇಸಿಗೆಯಷ್ಟೇ ತಂದದ್ದು, ಕೆರೆ ಹೆಪ್ಪುಗಟ್ಟಿರುವಾಗ ಅದಕ್ಕೇನು ಕೆಲಸ ಎಂದ. ಅದರ ಮೇಲಿನ ಅಂಕಿ ಕಾರಿನದಕ್ಕಿಂತ ದೊಡ್ಡದು. ದೊಡ್ಡದಿದ್ದ ಮೇಲೆ ಶಕ್ತಿಯೂ ಹೆಚ್ಚೇ ತಾನೇ?

ತೆರ್ಹಿ ಲೋಟ ಕೆಳಗಿಟ್ಟಳು.

"ಹಿಮದ ಮೇಲೆ ಐವತ್ತು ಕಿಲೋಮೀಟರ್ ಸ್ಕೀ ಮಾಡೋನು ಬೇರೆ, ಬಂಡೆ ಎತ್ತೋನು ಬೇರೆ ಕಣೋ. ದೋಣಿ ಬ್ಯಾಟರಿ ಸ್ಕೀ ಮಾಡೋನು. ದೀಪಕ್ಕೆ, ಪುಟ್ಟ ಮೋಟಾರಿಗೆ ಇಡೀ ದಿನ ಚೂರು ಚೂರೇ ಕೊಡುತ್ತೆ. ಚಳೀಲಿ ಎಂಜಿನ್ನು ತಿರುಗಿಸ್ಬೇಕು ಅಂದ್ರೆ ಒಂದೇ ಏಟಿಗೆ ಬಂಡೆ ಎತ್ತಬೇಕು. ನೀನು ನೋಡಿರೋ ದೊಡ್ಡ ಅಂಕಿ ಎಷ್ಟು ಹೊತ್ತು ಬಾಳುತ್ತೆ ಅನ್ನೋದು. ನೋಡ್ಬೇಕಾದ ಅಂಕಿ ಇನ್ನೊಂದಿದೆ. ಚಳೀಲಿ ಶುರು ಮಾಡೋಕೆ ಎಷ್ಟು ಆಂಪಿಯರ್ ಒಂದೇ ಸಲ ಕೊಡುತ್ತೆ ಅನ್ನೋದು."

"ಅದಕ್ಕೇ ಗೋಡೇಲಿ ಪ್ಲಗ್ ಇರೋದು," ಎಂದ ಔಲಿಸ್. ಅಲ್ಲಿ ಪ್ರತಿ ಮನೆಯ ಅಂಗಳದಲ್ಲೂ ಕಾರಿಗೆ ತಂತಿ ಸಿಕ್ಕಿಸಿ ಎಂಜಿನ್ನು ಬೆಚ್ಚಗಿಡುವ ವ್ಯವಸ್ಥೆಯಿದೆ. ಜನ ಅದನ್ನು ದೇವರಂತೆ ನಂಬುತ್ತಾರೆ. "ಎಂಜಿನ್ನು ಬೆಚ್ಚಗಿದ್ರೆ ಸಾಕು, ಟಾರ್ಚಿನ ಸೆಲ್ಲು ಹಾಕಿದ್ರೂ ಹೊರಡುತ್ತೆ."

"ಬೆಚ್ಚಗಾಗೋದು ಎಂಜಿನ್ನು. ಬ್ಯಾಟರಿ ಅಲ್ಲ. ನೀನು ಸೌನಾದ ಬಿಸಿ ಹಬೇಲಿ ಕೂತ್ರೆ ಹೊರಗೆ ನಿಂತಿರೋ ನನ್ನ ಕಾಲು ಬೆಚ್ಚಗಾಗುತ್ತಾ?"

ಇರ್ಮೆಲಿಗೆ ನಗು ಬಂತು. ಔಲಿಸ್‌ಗೂ ಬಂತು. ಆ ನಗುವಿನಲ್ಲೇ ಮಾತು ಮುಗಿದುಹೋಯಿತು. ತೆರ್ಹಿ ಹೊರಟಾಗ ಇರ್ಮೆಲಿ ಬಾಗಿಲ ತನಕ ಹೋಗಿ, ಅವನಿಗೆ ನಾನು ಹೇಳುತ್ತೇನೆ ಎಂದಳು. ಹೇಳಿದಳು ಕೂಡ, ಒಂದು ಸಲ. ಆದರೆ ಆಸ್ಪತ್ರೆಯಿಂದ ಬಂದ ದಿನಗಳಲ್ಲಿ ಅವಳಿಗೆ ಬೂಟು ಬಿಚ್ಚುವಷ್ಟೂ ತ್ರಾಣ ಇರುತ್ತಿರಲಿಲ್ಲ. ಬ್ಯಾಟರಿಗಾಗಿ ಜಗಳವಾಡುವ ಶಕ್ತಿ ಎಲ್ಲಿಂದ ತರಬೇಕು?

ಔಲಿಸ್ ದೋಣಿಯ ಬ್ಯಾಟರಿಯನ್ನು ಹೊತ್ತು ತಂದು ಕಾರಿನೊಳಗೆ ಕೂರಿಸಿದ. ಅದು ಬ್ಯಾಟರಿ ಇಡುವ ತಟ್ಟೆಯಲ್ಲಿ ಸರಿಯಾಗಿ ಕೂರಲಿಲ್ಲ. ಕೆಳಗೆ ಮರದ ಚೂರು ತುರುಕಿ, ಸಾಮಾನು ಕಟ್ಟುವ ಪಟ್ಟಿಯಿಂದ ಬಿಗಿದ. ತಂತಿ ಎಳೆದಾಡಿ ಹೇಗೋ ಮುಟ್ಟಿಸಿದ. ಕೀಲಿ ತಿರುಗಿಸಿದರೆ ಕಾರು ಹೊರಟೇಬಿಟ್ಟಿತು. ಅವತ್ತು ಚಳಿ ಅಷ್ಟಿರಲಿಲ್ಲ. ಅವನು ತೆರ್ಹಿಯ ಮನೆಯ ಮುಂದೆ ಎರಡು ಸಲ ಹಾರ್ನ್ ಹೊಡೆದುಕೊಂಡು ಹೋದ.

ಮುಂದಿನ ವಾರ ಸ್ಟಿಯರಿಂಗ್ ಮುಂದಿನ ಗಾಜಿನ ಹಿಂದೆ ಒಂದು ಹಳದಿ ಗುರುತು ಹತ್ತಿಕೊಂಡಿತು. ಸಿಗ್ನಲ್‌ನಲ್ಲಿ ಎಂಜಿನ್ನು ಆರುವುದೂ ನಿಂತಿತು. ಕಾರು ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ದೂರು ಹೇಳುತ್ತಿತ್ತು. ಆ ದರಿದ್ರ ಆರಿಹೋಗುವ ಕಾಟ ತಪ್ಪಿತಲ್ಲ, ಒಳ್ಳೆಯದೇ ಆಯಿತು ಎಂದ ಔಲಿಸ್.

ಡಿಸೆಂಬರ್ ಹೇಗೋ ಕಳೆಯಿತು. ಜನವರಿಯಲ್ಲಿ ಚಳಿ ಬಂತು. ಉಸಿರು ಮೂಗಿನಲ್ಲೇ ಗಟ್ಟಿಯಾಗುವ ಚಳಿ, ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗೆ. ಒಂದು ಮಂಗಳವಾರ ಬೆಳಿಗ್ಗೆ, ಹೊರಗೆ ಇನ್ನೂ ಕತ್ತಲಿರುವಾಗ, ಇರ್ಮೆಲಿ ಒಲೆಗೆ ಸೌದೆ ಇಡುತ್ತಿದ್ದಾಗ ಫೋನ್ ಬಂತು. ಆಸ್ಪತ್ರೆಯ ನರ್ಸು. ದನಿ ಮೆತ್ತಗಿತ್ತು. ಈಗ ಹೊರಟರೆ ಒಳ್ಳೆಯದು ಎಂದಳು.

ಇರ್ಮೆಲಿ ಹಿಲ್ಲಾ ಹಣ್ಣಿನ ಸೀಸೆಯನ್ನು ಕೋಟಿನ ಒಳಗಿಟ್ಟುಕೊಂಡಳು. ತಮ್ಮ ಜವುಗಿನಲ್ಲೇ ಆಯ್ದ ಹೊಂಬಣ್ಣದ ಹಣ್ಣು. ತಾಯಿ ಏನನ್ನೂ ತಿನ್ನುತ್ತಿರಲಿಲ್ಲ, ಆದರೂ ತುಟಿಗೆ ಸವರಬಹುದಲ್ಲ. ಪ್ಲಗ್ ಹಿಂದಿನ ಸಂಜೆಯೇ ಹಾಕಿತ್ತು. ಎಂಜಿನ್ನಿನ ಮುಚ್ಚಳ ಮುಟ್ಟಿದರೆ ನಿಜಕ್ಕೂ ಬೆಚ್ಚಗಿತ್ತು. ಔಲಿಸ್ ಕೀಲಿ ತಿರುಗಿಸಿದ.

ಟಕ್.

ಮತ್ತೊಮ್ಮೆ ತಿರುಗಿಸಿದ. ದೀಪಗಳು ಮಂಕಾಗಿ ಆರಿಹೋದವು. ಬೆಚ್ಚಗಿನ ಎಂಜಿನ್ನಿನ ಪಕ್ಕದಲ್ಲೇ ಬ್ಯಾಟರಿ ಕಲ್ಲಿನಂತೆ ಕೂತಿತ್ತು.

ಚಾರ್ಜರ್‌ಗೆ ಸಿಕ್ಕಿಸಿದರು. ಆ ಚಳಿಯಲ್ಲಿ ಅದು ಚಾರ್ಜ್ ತೆಗೆದುಕೊಳ್ಳಲೇ ಇಲ್ಲ. ಊರಿನ ಒಂದೇ ಒಂದು ಟ್ಯಾಕ್ಸಿ ಮಕ್ಕಳನ್ನು ದೂರದ ಶಾಲೆಗೆ ಕರೆದುಕೊಂಡು ಹೋಗಿತ್ತು, ಏಕೆಂದರೆ ಊರಿನ ಶಾಲೆಯನ್ನೂ ಮುಚ್ಚಿಯಾಗಿತ್ತು. ಅಕ್ಕಪಕ್ಕದ ಮನೆಗಳು ಬೇಸಿಗೆಗೆ ಮಾತ್ರ ಬರುವವರವು. ಕಿಟಕಿಗೆ ಹಲಗೆ ಹೊಡೆದು ಹೋಗಿದ್ದರು. ಇರ್ಮೆಲಿ ತೆರ್ಹಿಗೆ ಫೋನ್ ಮಾಡಿದಳು. ತೆರ್ಹಿ ಕೆರೆಯ ಆ ದಡದಲ್ಲಿದ್ದಳು. ಒಂಟಿ ಮುದುಕನೊಬ್ಬ ಬಿದ್ದಿದ್ದ. ಅವನನ್ನು ಬಿಟ್ಟು ಬರುವಂತಿರಲಿಲ್ಲ.

"ಬಂದೇ ಬರ್ತೀನಿ ಕಣೇ. ಇವ್ರನ್ನ ಮಂಚಕ್ಕೆ ಹತ್ತಿಸಿದ ಕೂಡ್ಲೇ."

ಇರ್ಮೆಲಿ ಅಂಗಳದಲ್ಲಿ ನಿಂತೇ ಇದ್ದಳು. ಒಳಗೆ ಬಾ ಎಂದು ಔಲಿಸ್ ಎರಡು ಸಲ ಕರೆದ. ಮೂರನೆಯ ಸಲ ಹೊರಗೆ ಬಂದು ಅವಳ ಹೆಗಲಿಗೆ ಕಂಬಳಿ ಹೊದಿಸಿದ. ಕೋಟಿನೊಳಗಿನ ಸೀಸೆಯನ್ನು ಅವಳು ಎದೆಗೆ ಒತ್ತಿ ಹಿಡಿದಿದ್ದಳು, ಅದೊಂದಾದರೂ ಹೆಪ್ಪುಗಟ್ಟದಿರಲಿ ಎಂಬಂತೆ. ತೆರ್ಹಿ ಬಂದು ತನ್ನ ಕಾರಿನಿಂದ ತಂತಿ ಎಳೆದು ಇವರ ಕಾರನ್ನು ಎಬ್ಬಿಸುವ ಹೊತ್ತಿಗೆ ಕಾಡಿನ ಮೇಲೆ ಚಳಿಗಾಲದ ತಡವಾದ ಬೆಳಕು ಹರಿದಾಗಿತ್ತು. ಅವಳು ತಂತಿ ಸುತ್ತಿಟ್ಟು, ಬೇಗ ಹೊರಡಿ ಎಂದಷ್ಟೇ ಔಲಿಸ್‌ಗೆ ಹೇಳಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವರು ಮುಟ್ಟಿದಾಗ ವಾರ್ಡಿನ ಆ ಕೋಣೆಯ ಮೇಜಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಉಸಿರು ನಿಂತ ಮೇಲಷ್ಟೇ ಅಲ್ಲಿನವರು ಅದನ್ನು ಹಚ್ಚುತ್ತಾರೆಂದು ಇರ್ಮೆಲಿಗೆ ಗೊತ್ತಿತ್ತು. ಬಾಗಿಲಲ್ಲೇ ನಿಂತುಬಿಟ್ಟಳು.

ಇನ್ನೂ ಚಿಕ್ಕ ವಯಸ್ಸಿನ ನರ್ಸು ಹತ್ತಿರ ಬಂದಳು. ಅಮ್ಮ ಏನಾದರೂ ಹೇಳಿದಳಾ ಎಂದು ಇರ್ಮೆಲಿ ಕೇಳಿದಳು.

"ಒಂದೇ ಮಾತು ಕೇಳ್ತಿದ್ರು. ರಸ್ತೇಲಿ ಹಿಮ ತೆಗ್ದಿದ್ದಾರಾ, ಅಂತ. ತೆಗ್ದಿದ್ದಾರೆ, ಅಂದೆ."

ರಸ್ತೆಯಲ್ಲಿ ನಿಜಕ್ಕೂ ಹಿಮ ತೆಗೆದಿತ್ತು. ದಾರಿಯುದ್ದಕ್ಕೂ ನುಣ್ಣಗೆ, ಖಾಲಿಯಾಗಿ, ಹಗಲಲ್ಲಿ ಬೆಳ್ಳಗೆ ಬಿದ್ದುಕೊಂಡಿತ್ತು ಆ ರಸ್ತೆ.

ಮಣ್ಣು ಮಾಡಿದ ಮರುದಿನ ಔಲಿಸ್ ದೋಣಿಯ ಬ್ಯಾಟರಿಯನ್ನು ಬಿಚ್ಚಿ ಹೊರಗಿಟ್ಟ. ತೆರ್ಹಿಯ ಕಾರನ್ನು ಕೇಳಿ ತಂದು, ಅಂಗಡಿಗೆ ಹೊರಡೋಣವೇ ಎಂದು ಹೆಂಡತಿಯನ್ನು ಕೇಳಿದ. ಹಳೆಯ ಎಜಿಎಂ ಬ್ಯಾಟರಿಯನ್ನೂ ಜೊತೆಗಿಟ್ಟುಕೊಂಡರು, ತೋರಿಸಲೂ ಆಯಿತು, ಅಂಗಡಿಯವನಿಗೆ ಮರಳಿಸಲೂ ಆಯಿತು ಎಂದು.

ಅಂಗಡಿಯವನು ನಯವಾಗಿ ಮಾತಾಡಿದ. ಎಜಿಎಂ ಸದ್ಯಕ್ಕಿಲ್ಲ, ಈ ಸಾಮಾನ್ಯದ್ದೂ ನಡೆಯುತ್ತದೆ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದು ಒಂದನ್ನು ಮುಂದಿಟ್ಟ. ಔಲಿಸ್ ಬಾಯಿ ತೆರೆಯುವ ಮೊದಲೇ ಇರ್ಮೆಲಿ ಅದನ್ನು ಹಿಂದಕ್ಕೆ ತಳ್ಳಿದಳು. ಎಜಿಎಂ ಬರುವ ತನಕ ಕಾಯುತ್ತೇವೆ ಎಂದಳು. ಆಗ ಒಳಗಿನಿಂದ ಒಂದು ಬಂತು. ತೆರ್ಹಿ ಹೇಳಿಕೊಟ್ಟಂತೆ ಇರ್ಮೆಲಿ ಅದನ್ನು ಹಳೆಯದರ ಪಕ್ಕಕ್ಕಿಟ್ಟು ನೋಡಿದಳು. ಉದ್ದ, ಅಗಲ ಅಷ್ಟೇ ಇದೆಯೇ, ತಂತಿ ಸಿಕ್ಕಿಸುವ ಪ್ಲಸ್ ತುದಿ ಅದೇ ಬದಿಗಿದೆಯೇ, ಚಳಿಯಲ್ಲಿ ಶುರು ಮಾಡುವ ಆಂಪಿಯರ್ ಹಳೆಯದಕ್ಕಿಂತ ಕಡಿಮೆಯಿಲ್ಲ ತಾನೇ, ತಯಾರಾದದ್ದು ಯಾವಾಗ. ಇದೆಲ್ಲ ಮುಗಿದ ಮೇಲೆ, ಹೊಸ ಬ್ಯಾಟರಿ ಬಂದಿದೆಯೆಂದು ಕಾರಿನ ಕಂಪ್ಯೂಟರಿಗೆ ತಿಳಿಸಬೇಕಾಗುತ್ತದೆಯೇ, ಅದನ್ನು ಮಾಡುವವರು ಯಾರು ಎಂದು ಕೇಳಿದಳು. ಅಂಗಡಿಯವನ ನಯ ಕಡಿಮೆಯಾಯಿತು, ಕೆಲಸ ಸರಿಯಾಯಿತು. ಜನ ಕೇಳುವ ತನಕ ಯಾವುದಾದರೂ ನಡೆಯುತ್ತದೆ.

"ದೂರ ದೂರ ಓಡಿಸ್ತೀರಾ?" ಎಂದು ಅವನು ಕೇಳಿದ, ಮಾತಿಗೆ.

"ಇನ್ನಿಲ್ಲ," ಎಂದಳು ಇರ್ಮೆಲಿ.

ಔಲಿಸ್ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮುಂದೆ ನಡೆದ. ಅದರ ಭಾರಕ್ಕೇ ತಲೆ ಬಾಗಿದೆಯೆಂದು ನೋಡಿದವರು ಅಂದುಕೊಂಡಿರಬೇಕು. ಮರುದಿನ ಬೆಳಿಗ್ಗೆ ಚಳಿ ಇನ್ನೂ ಹೆಚ್ಚಿತ್ತು. ಕೀಲಿ ತಿರುಗಿಸಿದ ಕೂಡಲೇ ಕಾರು ಎದ್ದಿತು. ಆ ಸದ್ದು ಕೇಳಿ ಅಡಿಗೆಮನೆಯಲ್ಲಿದ್ದ ಇರ್ಮೆಲಿ ಕಿವಿ ಮುಚ್ಚಿಕೊಂಡಳು.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಕಾರು ಅಂಗಳದಲ್ಲೇ ಇದೆ. ಚಳಿ ಬರುವ ಮೊದಲು ಅದರ ಮುಚ್ಚಳ ಎತ್ತಿ. ಬ್ಯಾಟರಿಯ ಮೇಲೆ ಬರೆದದ್ದನ್ನು ನೀವೇ ಓದಿ. ಎಂಜಿನ್ನು ಮುಲುಕಲು ಶುರುವಾಗಿದ್ದರೆ ಪರೀಕ್ಷೆ ಮಾಡಿಸಿ, ನಾಳೆ ಎನ್ನಬೇಡಿ. ದೋಣಿಯದು ದೋಣಿಗಿರಲಿ. ಎಜಿಎಂ ಇದ್ದಲ್ಲಿ ಎಜಿಎಂ ಅನ್ನೇ ಹಾಕಿಸಿ. ಇದೂ ಆಗುತ್ತದೆ ಎನ್ನುವವನು ಅಂಗಡಿಯಲ್ಲಿರಲಿ, ಮನೆಯಲ್ಲಿರಲಿ, ಅವನ ಮಾತಿಗೆ ತಲೆಯಾಡಿಸಬೇಡಿ. ದಣಿದಿದ್ದರೂ ಜಗಳವಾಡಿ.

ಆಮೇಲೆ ಆ ಕಾರನ್ನು ಹತ್ತಿ, ವಾರ್ಡ್ ಮುಚ್ಚಿದವರ, ಬಸ್ಸು ನಿಲ್ಲಿಸಿದವರ ಕಚೇರಿಗೆ ಹೋಗಿ. ಒಬ್ಬ ತಾಯಿಯ ಕಟ್ಟಕಡೆಯ ಬೆಳಗು ಒಂದು ಸೀಸದ ಬ್ಯಾಟರಿಯನ್ನು ನಂಬಿಕೊಂಡಿರಬೇಕೇ ಎಂದು ಕೇಳಿ. ಅವರು ಕಾಫಿ ಕೊಡುತ್ತಾರೆ. ಕುಡಿಯಬೇಡಿ. ಉತ್ತರ ಬರುವ ತನಕ ಅಲ್ಲೇ ಕೂತಿರಿ.