ಚಾರ್ಜು ಕದ್ದದ್ದು ಚಳಿಯೇ?

"ಹಾಳು ಕಾರು! ಮತ್ತೆ ಕೈ ಕೊಡ್ತೇನಮ್ಮ?"

ಶುಕ್ರವಾರ ಸಂಜೆ ಸೊಸೆ ಸುಪ್ರಜಾ ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಬಂದದ್ದೇ ತಡ, ಪ್ರಹ್ಲಾದರಾಯರಿಗೆ ರೇಗಿಹೋಯಿತು. ರೇಗಿದ್ದು ಸೊಸೆಯ ಮೇಲಲ್ಲ, ಹೊರಗೆ ಡ್ರೈವ್‌ವೇಯಲ್ಲಿ ಏನೂ ಗೊತ್ತಿಲ್ಲದ ಹಾಗೆ ನಿಂತಿದ್ದ ನೀಲಿ ಬಣ್ಣದ ಎಲೆಕ್ಟ್ರಿಕ್ ಕಾರಿನ ಮೇಲೆ.

ಸುಪ್ರಜಾ ಅಮೆರಿಕದ ಟೆಕ್ಸಾಸ್‌ನ ಟೇಲರ್ ಊರಿನಲ್ಲಿರುವ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ಜಾರ್ಜ್‌ಟೌನಿನ ಮನೆಯಿಂದ ಅಲ್ಲಿಗೆ ಇಪ್ಪತ್ತೈದು ಮೈಲು, ಬೆಳಿಗ್ಗೆ ಏಳಕ್ಕೆ ಶಿಫ್ಟ್. ಮಗ ಶ್ರೀಕರ್ ವಾರದಲ್ಲಿ ನಾಲ್ಕು ದಿನ ಡಲ್ಲಾಸ್‌ನ ಆಫೀಸಿನಲ್ಲಿರುತ್ತಾನೆ; ಈ ಸಲ ಕೆಲಸ ಹೆಚ್ಚೆಂದು ಶನಿವಾರ, ಭಾನುವಾರವೂ ಅಲ್ಲೇ. ರಾಯರ ಹೆಂಡತಿ ಮಗಳ ಬಾಣಂತನಕ್ಕೆಂದು ಶುಗರ್ ಲ್ಯಾಂಡಿನಲ್ಲಿ ಉಳಿದಿದ್ದಾರೆ. ಹೀಗಾಗಿ ದೀಪಾವಳಿಯಿಂದೀಚೆಗೆ ಈ ಮನೆಯಲ್ಲಿ ಹೆಚ್ಚಾಗಿ ಮಾವ, ಸೊಸೆ ಇಬ್ಬರೇ.

"ಭಾನುವಾರ ಹೊರಗೆ ಚಾರ್ಜ್ ಮಾಡ್ಕೊಂಡು ಬಂದಿದ್ದೆ, ಸೋಮವಾರ ಎಂಬತ್ತು ಪರ್ಸೆಂಟ್ ಇತ್ತು ಮಾವ. ಬುಧವಾರ ನಲವತ್ತೈದು. ಇವತ್ತು ಬೆಳಿಗ್ಗೆ ಹದಿಮೂರು! ಚಾರ್ಜ್ ಉಳೀಲಿ ಅಂತ ಹೀಟರ್ ಆಫ್ ಮಾಡ್ದೆ. ಕೈ ಮರಗಟ್ಟಿಹೋಯ್ತು, ಗಾಜೆಲ್ಲಾ ಮಂಜು ಮುಸುಕ್ತು. ದಾರೀಲಿ ಹಟ್ಟೋ ಊರಲ್ಲಿ ನಿಲ್ಲಿಸಿ ಫಾಸ್ಟ್ ಚಾರ್ಜರ್‌ಗೆ ಹಾಕಿದ್ರೆ ಅದೂ ಆಮೆ ಥರ! ಒಂದು ಗಂಟೆ ಲೇಟು."

"ನಿಮ್ಮ ಬಾಸು ಏನಂದ?"

ಸುಪ್ರಜಾ ಬ್ಯಾಗನ್ನು ಸೋಫಾದ ಮೇಲೆ ಎಸೆದಳು. "ಸೋಮವಾರದಿಂದ ನನ್ನನ್ನ ಶಿಫ್ಟ್ ಲೀಡ್, ಅಂದ್ರೆ ಇಡೀ ಶಿಫ್ಟಿಗೇ ಮುಖ್ಯಸ್ಥೆ, ಮಾಡ್ಬೇಕು ಅಂತಿದ್ರು. ಏಳು ಗಂಟೆಗೆ ಸರಿಯಾಗಿ ಇದ್ರೆ ನೀನು, ಇಲ್ದಿದ್ರೆ ಬೇರೆಯವರು ಅಂತ ಹೇಳಿಬಿಟ್ರು. ಸೋಮವಾರ ಬೆಳಿಗ್ಗೆ ಇಪ್ಪತ್ತು ಡಿಗ್ರಿಗೆ ಇಳಿಯತ್ತಂತೆ ಮಾವ. ನಾಲ್ಕು ವರ್ಷ ಕಾದಿದ್ದೀನಿ ಇದಕ್ಕೆ."

ಇಪ್ಪತ್ತು ಡಿಗ್ರಿ ಎಂದರೆ ಇಲ್ಲಿಯ ಲೆಕ್ಕ. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಸುಮಾರು ಏಳು ಡಿಗ್ರಿ ಕೆಳಗೆ. ರಾಯರಿಗೆ ಕೇಳಿಯೇ ನಡುಕ ಬಂತು.

ಆ ರಾತ್ರಿಯೂ ಒಂಬತ್ತೂವರೆಗೆ ರಾಯರು ಎಂದಿನಂತೆ ಮನೆ ಸುತ್ತು ಹಾಕಿದರು. ಮೈಸೂರಿನಲ್ಲಿ ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿದ ಜೀವ ಅದು. ಮಲಗುವ ಮುಂಚೆ ಗ್ಯಾಸ್ ಆಫ್, ಗೀಸರ್ ಆಫ್, ಇಸ್ತ್ರಿ ಪೆಟ್ಟಿಗೆ ಆಫ್; ಇಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ. ಅಮೆರಿಕದ ಗೋಡೆಗಳಲ್ಲಿ ಪ್ಲಗ್ ಪಾಯಿಂಟಿಗೆ ಸ್ವಿಚ್ಚೇ ಇರುವುದಿಲ್ಲವಲ್ಲ, ಹಾಗಾಗಿ ಇಲ್ಲಿ ಅವರು ಪ್ಲಗ್ಗನ್ನೇ ಕಿತ್ತಿಡುತ್ತಿದ್ದರು. ಮಿಕ್ಸಿ, ಟೋಸ್ಟರ್, ಟೀವಿ ಎಲ್ಲ ಆದಮೇಲೆ ಕಡೆಯದಾಗಿ ಕಾರು. ಬಾಗಿಲ ಬಳಿ ತೂಗುಹಾಕಿದ ಕೀ ಒತ್ತಿ, ಗ್ಯಾರೇಜಿನಿಂದ ಹೊರಗೆಳೆದಿದ್ದ ಕೇಬಲ್ ಬಿಡಿಸಿ, ಹಾವು ಸುತ್ತಿದ ಹಾಗೆ ಚೆಂದಕ್ಕೆ ಸುತ್ತಿಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಮುಖ ತೊಳೆದು ಎಲ್ಲವನ್ನೂ ಮತ್ತೆ ಸಿಕ್ಕಿಸುತ್ತಿದ್ದರು. ಸಂಜೆ ಆರೂವರೆಯಿಂದ ಮೂರು ಗಂಟೆ ಚಾರ್ಜ್ ಆದರೆ ಸಾಲದೆ? ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದಾದರೂ ಏನು, ಮನೆಯ ಹಿರಿಯ ಮಾಡಬೇಕಾದ ಕೆಲಸ ತಾನೇ!

ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಗೋದಾವರಿ ಶೇಂಗಾ ಹೋಳಿಗೆ ತಂದರು. ಧಾರವಾಡದವರು, ಮಕ್ಕಳ ಡಾಕ್ಟರಾಗಿದ್ದು ಈಗ ನಿವೃತ್ತಿ. ಬಾಗಿಲಲ್ಲಿ ನಿಂತೇ ಮಾತು ಶುರು.

"ಏನ್ರಿ ರಾಯರ, ಇಬ್ಬರೂ ಮಾರಿ ಸಪ್ಪಗ ಮಾಡ್ಕೊಂಡು ಕೂತೀರಿ? ಏನಾತು?"

"ಏನಂತ ಹೇಳ್ಲಿ ಡಾಕ್ಟ್ರೇ. ಈ ಕಾರಿನ ಗೋಳು! ಚಳಿಗೆ ಬ್ಯಾಟರಿ ಸೋರಿಹೋಗುತ್ತೆ. ವಾಟ್ಸಾಪ್‌ನಲ್ಲೂ ಬಂದಿತ್ತು, ಚಳಿಗಾಲದಲ್ಲಿ ಎಲೆಕ್ಟ್ರಿಕ್ ಕಾರು ಬರೀ ಡಬ್ಬ ಅಂತ."

"ವಾಟ್ಸಾಪ್‌ನ್ಯಾಗ ಬಂತಂದ್ರ ಮುಗೀತು, ವೇದವಾಕ್ಯ!" ಗೋದಾವರಿ ಜೋರಾಗಿ ನಕ್ಕರು. "ನಾ ಮಿನೆಸೋಟಾದಾಗ ಇಪ್ಪತ್ತೆರಡು ವರ್ಷ ಇದ್ದಾಕಿ. ಅಲ್ಲಿ ಚಳಿ ಅಂದ್ರ ಕಣ್ಣಿನ ರೆಪ್ಪಿ ಮ್ಯಾಲೂ ಐಸ್ ಕೂಡತದ. ಕಡೀ ಆರು ವರ್ಷ ಎಲೆಕ್ಟ್ರಿಕ್ ಕಾರಿನ್ಯಾಗ ದವಾಖಾನಿಗೆ ಹೋಗಿಬಂದೇನಿ. ಒಂದು ಕೂಸನ್ನೂ ಕಾಯಿಸಿಲ್ಲ."

"ಅಂದ್ರೆ ಚಳಿಗೆ ಏನೂ ಆಗೋದಿಲ್ವಾ ಆಂಟಿ?" ಸುಪ್ರಜಾ ಕೇಳಿದಳು.

"ಆಗೂದಿಲ್ಲ ಅಂತ ಯಾರಂದ್ರು? ಆಗತದ. ನೂರು ಮೈಲು ಹೋಗೋದು ಎಪ್ಪತ್ತು, ಎಂಬತ್ತಕ್ಕ ಬರತದ. ಭಾಳ ಚಳಿ ಇದ್ರ ಇನ್ನೂ ಕಡಿಮಿ. ಆದ್ರ ನೀ ಹೋಗಿಬರೂದು ಐವತ್ತು ಮೈಲು, ಮ್ಯಾಲ ದಿನಾ ರಾತ್ರಿ ಮನ್ಯಾಗ ಚಾರ್ಜ್. ಎಂಬತ್ತಿದ್ದದ್ದು ಹದಿಮೂರಾಗೂದು ಬರೇ ಚಳಿ ಕೆಲಸ ಅಲ್ಲವಾ. ರೋಗ ಬ್ಯಾರೆ ಅದ. ಫೋನ್ ಕೊಡು, ಕಾರಿನ ಹಿಸ್ಟರಿ ನೋಡೂಣು."

ಡಾಕ್ಟರು ಕನ್ನಡಕ ಏರಿಸಿ ಕಾರಿನ ಆ್ಯಪ್ ತೆರೆದರು. ಬೆರಳು ಸರಿಸುತ್ತಾ ಹೋದಂತೆ ಹುಬ್ಬು ಮೇಲೇರಿತು.

"ಇದೇನಿದು? ರಾತ್ರಿ ಒಂಬತ್ತು ಮೂವತ್ತೆರಡಕ್ಕ ಪ್ಲಗ್ ತೆಗದದ. ಬೆಳಿಗ್ಗೆ ಐದು ಹತ್ತಕ್ಕ ಹಾಕೇದ. ಮರುದಿನಾನೂ ಹಂಗ. ದಿನಾ ಹಂಗ! ಯಾರು ಮಾಡ್ತಾರಿದನ್ನ, ದೆವ್ವಾ?"

ರಾಯರ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

"ನಾನೇ," ಎಂದರು ಮೆಲ್ಲಗೆ. "ಆದ್ರೆ ಸಂಜೆ ಮೂರು ಗಂಟೆ ಹೊತ್ತು ಚಾರ್ಜ್ ಆಗಿರತ್ತಲ್ಲ?"

"ಅಯ್ಯೋ ಮಾವ! ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಕರೆಂಟ್ ಅಗ್ಗ ಅಂತ ಶ್ರೀಕರ್ ಟೈಮ್ ಸೆಟ್ ಮಾಡಿದ್ದಾರೆ. ಹತ್ತು ಗಂಟೆವರೆಗೂ ಸುಮ್ನೆ ಸಿಕ್ಕಿಸಿರತ್ತೆ ಅಷ್ಟೆ. ನಾನು ಬೆಳಿಗ್ಗೆ ನೋಡಿದಾಗ ಪ್ಲಗ್ ಇರ್ತಿತ್ತು, ಚಳಿಯೇ ತಿಂದುಬಿಡ್ತು ಅಂದ್ಕೊಂಡೆ!"

ರಾಯರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮನೆಗೆ ಒಳ್ಳೆಯದಾಗಲಿ ಎಂದು ಮಾಡಿದ ಕೆಲಸ ಸೊಸೆಯ ಅನ್ನಕ್ಕೇ ಕಲ್ಲು ಹಾಕುವುದರಲ್ಲಿತ್ತು. ಆದರೂ ಇಲಾಖೆಯ ಮನುಷ್ಯ ಸುಮ್ಮನೆ ಸೋಲುವವರಲ್ಲ.

"ರಾತ್ರಿಯಿಡೀ ಪ್ಲಗ್ ಬಿಟ್ರೆ ಬೆಂಕಿ ಹತ್ತಿಕೊಂಡ್ರೆ? ನಾನು ಎಷ್ಟು ಶಾರ್ಟ್ ಸರ್ಕ್ಯೂಟ್ ನೋಡಿದ್ದೀನಿ ಗೊತ್ತಾ ಡಾಕ್ಟ್ರೇ? ಗಂಟೆಗಟ್ಟಲೆ ಲೋಡ್ ಎಳೆದ್ರೆ ವೈರು ಕರಗುತ್ತೆ!"

"ನಿಮ್ಮ ಅಂಜಿಕಿ ಖರೇನ ಅದ," ಎಂದರು ಗೋದಾವರಿ. ಈ ಸಲ ನಗಲಿಲ್ಲ. "ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ್ರ ನೀವು ಹೇಳಿದ್ದ ಆಗತದ. ಅದಕ್ಕ ನನ್ನ ಮಾತು ನಂಬಬ್ಯಾಡ್ರಿ. ನೀವು ಕರೆಂಟಿನ ಮಂದಿ. ಗ್ಯಾರೇಜಿಗೆ ಹೋಗಿ ನೀವ ನೋಡ್ರಿ."

ರಾಯರು ಟಾರ್ಚ್ ಹಿಡಿದು ಹೊರಟೇಬಿಟ್ಟರು. ಗ್ಯಾರೇಜ್ ಎಂದರೆ ಅದೊಂದು ಎರಡನೇ ಅಡುಗೆಮನೆ. ಚಕ್ಕುಲಿ ಕರಿಯುವ ಒಲೆ, ರುಬ್ಬುವ ಗ್ರೈಂಡರ್, ಅಕ್ಕಿ ಮೂಟೆಗಳು. ಒಗ್ಗರಣೆ ವಾಸನೆ ಒಳಗೆ ಬಾರದಿರಲಿ ಎಂದು ಮಾಡಿಕೊಂಡ ಏರ್ಪಾಡು. ಅವನ್ನೆಲ್ಲ ದಾಟಿ ಗೋಡೆಯ ಚಾರ್ಜರ್ ಮುಟ್ಟಿ ನೋಡಿದರು. ಪ್ಯಾನೆಲ್ ಬಾಗಿಲು ತೆರೆದರು. ಕಾರಿಗೇ ಬೇರೆ ಬ್ರೇಕರ್, ಹೆಬ್ಬೆರಳಿನಷ್ಟು ದಪ್ಪದ ಕೇಬಲ್, ಪಕ್ಕದಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಹಾಕಿದ ಚೀಟಿ. ಹತ್ತು ನಿಮಿಷ ಒಂದೊಂದನ್ನೂ ಟಾರ್ಚ್ ಬಿಟ್ಟು ಪರೀಕ್ಷಿಸಿದರು.

"ಭೇಷ್!" ಎಂಬ ಕೂಗು ಕೇಳಿಸಿತು. "ಕೆಲಸ ಅಚ್ಚುಕಟ್ಟಾಗಿದೆ! ಇದಕ್ಕೆ ರಾತ್ರಿಯಿಡೀ ಅಲ್ಲ, ವಾರವಿಡೀ ಲೋಡ್ ಕೊಟ್ರೂ ಏನೂ ಆಗೋದಿಲ್ಲ!"

"ಅಷ್ಟೂ ಹೊತ್ತು ಎಳಿಯೂದಿಲ್ರಿ. ಬೇಕಾದಷ್ಟು ತಗೊಂಡು ತಾನ ನಿಂದ್ರತದ," ಎಂದರು ಡಾಕ್ಟರು. ಆಮೇಲೆ ಸುತ್ತ ಕಣ್ಣಾಡಿಸಿದರು. "ಅಲ್ರಿ, ಅಕ್ಕಿ ಮೂಟಿ ಒಳಗ ಬೆಚ್ಚಗ ಮಲಗ್ಯಾವ, ಕಾರು ಹೊರಗ ನಡಗಾಕತ್ತದ! ಇದ್ಯಾವ ನ್ಯಾಯ?"

ಭಾನುವಾರ ಮಾವ ಸೊಸೆ ಸೇರಿ ಒಲೆ, ಗ್ರೈಂಡರ್, ಮೂಟೆ ಎಲ್ಲವನ್ನೂ ಒಂದು ಮೂಲೆಗೆ ತಳ್ಳಿದರು. ಕಾರು ಮೊದಲ ಸಲ ಗ್ಯಾರೇಜಿಗೆ ಬಂತು. ಗೋದಾವರಿ ಪಕ್ಕದಲ್ಲಿ ನಿಂತು ಪಾಠ ಹೇಳಿದ್ದೇ ಹೇಳಿದ್ದು.

"ಸುಪ್ರಜಾ, ಸೋಮವಾರ ಆರು ಹತ್ತಕ್ಕ ಹೊರಡತೀನಿ ಅಂತ ಆ್ಯಪಿನ್ಯಾಗ ಹಾಕು. ಪ್ಲಗ್ ಇದ್ದಾಗನ ಕಾರು ಗೋಡಿ ಕರೆಂಟಿನಿಂದ ಬೆಚ್ಚಗಾಗತದ, ಬ್ಯಾಟರಿ ಚಾರ್ಜ್ ಬ್ಯಾಟರಿಯೊಳಗ ಉಳೀತದ. ಹೀಟರ್ ಪೂರ್ತಿ ಆಫ್ ಮಾಡಬ್ಯಾಡವಾ, ಗಾಜು ಮುಸುಕಿದ್ರ ಜೀವಕ್ಕ ಕುತ್ತು. ಸೀಟಿಂದು, ಸ್ಟೀರಿಂಗಿಂದು ಬಿಸಿ ಹಚ್ಚಿಕೋ, ಅದಕ್ಕ ಕರೆಂಟ್ ಕಡಿಮಿ ಸಾಕು. ಟೈರಿನ ಗಾಳಿ ನೋಡಿಸು, ಚಳಿಗೆ ಇಳೀತದ."

"ಹಟ್ಟೋದಲ್ಲಿ ಯಾಕೆ ಅಷ್ಟು ನಿಧಾನ ಆಯ್ತು ಆಂಟಿ?"

"ತಣ್ಣಗಿನ ಬ್ಯಾಟರಿ ಲಗೂನ ಚಾರ್ಜ್ ತಗೊಳ್ಳೂದಿಲ್ಲ. ಹೊರಗ ಚಾರ್ಜ್ ಮಾಡೂದಿದ್ರ ಆ ಜಾಗಾ ಮೊದಲ ಮ್ಯಾಪಿನ್ಯಾಗ ಹಾಕಿಕೊಂಡು ಹೊಂಟಿ ಅಂದ್ರ, ನಿನ್ನ ಕಾರು ದಾರ್ಯಾಗನ ಬ್ಯಾಟರಿ ಕಾಯಿಸಿಕೊಂಡು ಹೋಗತದ. ಮತ್ತ ಇದೊಂದು ಕೇಳು: ಫ್ಲೈಓವರ್ ಮ್ಯಾಲ ಐಸ್ ಬಿದ್ದದ ಅಂದ್ರ ಯಾವ ಕಾರೂ ಬ್ಯಾಡ. ಮನ್ಯಾಗ ಕೂಡು."

ಡಾಕ್ಟರು ರಾಯರ ಫೋನಿಗೂ ಆ್ಯಪ್ ಹಾಕಿಕೊಟ್ಟರು. ಆ ರಾತ್ರಿ ಒಂಬತ್ತೂವರೆಗೆ ರಾಯರ ಕೈ ತುರಿಸಿದ್ದು ನಿಜ. ಗ್ಯಾರೇಜಿನ ಬಾಗಿಲವರೆಗೆ ಹೋದವರು ಹಾಗೇ ವಾಪಸ್ ಬಂದು ಮಲಗಿದರು.

ಸೋಮವಾರ ಐದೂಮುಕ್ಕಾಲಿಗೆ ಗ್ಯಾರೇಜಿನಲ್ಲಿ ಕಾರು ತಾನಾಗಿಯೇ ಗುಂಯ್ ಎಂದಿತು. ರಾಯರು ಓಡಿಹೋಗಿ ಬಾಗಿಲು ತೆಗೆದು ಒಳಗೆ ಕೈಯಿಟ್ಟರು. ಸೀಟು ಬೆಚ್ಚಗೆ! ಪರದೆಯ ಮೇಲೆ ತೊಂಬತ್ತು ಪರ್ಸೆಂಟ್!

"ಸುಪ್ರಜಾ! ಬಾರಮ್ಮ ಬೇಗ! ತೊಂಬತ್ತು! ತೊಂಬತ್ತು ಕಣಮ್ಮ!"

ರಸ್ತೆ ಒಣಗಿತ್ತು, ಐಸಿನ ಸುಳಿವಿಲ್ಲ. ಚಳಿ ಮಾತ್ರ ಕಿವಿ ಕೀಳುವಂತಿತ್ತು. ಪ್ಲಗ್ ಬಿಡಿಸಿ ಆರು ಹತ್ತಕ್ಕೆ ಸರಿಯಾಗಿ ಸುಪ್ರಜಾ ಹೊರಟಳು. ರಾಯರು ಕಾಫಿಯನ್ನೂ ಮರೆತು ಫೋನ್ ಹಿಡಿದು ಕೂತರು. ಡಲ್ಲಾಸ್‌ನಿಂದ ಶ್ರೀಕರನ ಕರೆ ಬಂತು.

"ಅಪ್ಪಾ, ನೋಡ್ತಿದ್ದೀರಾ?"

"ನೋಡ್ತಿದ್ದೀನಿ ಕಣೋ! ಎಂಬತ್ತಾರು! ನೂರಾ ಮೂವತ್ತನೇ ನಂಬರಿನ ಹೆದ್ದಾರಿಗೆ ಬಂದ್ಲು!"

"ಆ ಹಟ್ಟೋ ಒಂದು ದಾಟಲಿ ಅಪ್ಪಾ."

"ತಡಿಯೋ ಮಾರಾಯ, ಬಂದ್ಲು. ಎಂಬತ್ತಮೂರು... ದಾಟಿದ್ಲು! ಹಟ್ಟೋ ದಾಟಿದ್ಲು ಕಣೋ! ನಿಲ್ಲಿಸ್ಲೇ ಇಲ್ಲ!"

ಅಪ್ಪ ಮಗ ಇಬ್ಬರೂ ನೂರೈವತ್ತಕ್ಕೂ ಹೆಚ್ಚು ಮೈಲಿನ ಆಚೆ ಈಚೆ ಕೂತು, ಕಡೆಯ ಓವರಿನ ಕ್ರಿಕೆಟ್ ನೋಡುವವರ ಹಾಗೆ ಕೂಗಾಡಿದರು. ಆರು ಐವತ್ತಕ್ಕೆ ಆ್ಯಪಿನ ಮ್ಯಾಪಿನಲ್ಲಿ ಕಾರಿನ ನೀಲಿ ಚುಕ್ಕೆ ಟೇಲರ್‌ನಲ್ಲಿ ನಿಂತಿತು. ಎಪ್ಪತ್ತೆಂಟು ಪರ್ಸೆಂಟ್. ಹೋದದ್ದು ಬರೀ ಹನ್ನೆರಡು!

ಆದರೆ ರಾಯರಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾರು ಮುಟ್ಟಿತು, ಲೀಡ್ ಹುದ್ದೆ ಸಿಕ್ಕಿತೇ? ಏಳು ಹೊಡೆಯಿತು. ಏಳು ಇಪ್ಪತ್ತಾಯಿತು. ಕೊನೆಗೆ ಫೋನ್ ಬಡಿದುಕೊಂಡಿತು.

"ಮಾವಾ! ಶಿಫ್ಟ್ ನಂದು! ಈಗ ತಾನೇ ಎಲ್ಲರ ಮುಂದೆ ಹೇಳಿದ್ರು, ಇವತ್ತಿಂದ ಸುಪ್ರಜಾನೇ ಲೀಡ್ ಅಂತ!"

"ನಾನು ನಿನ್ನ ದಾರಿಗೆ ಅಡ್ಡ ಆಗಿದ್ನಲ್ಲಮ್ಮ," ಎಂದರು ರಾಯರು.

"ನೀವು ಪ್ಯಾನೆಲ್ ನೋಡಿ ಸರಿಯಿದೆ ಅಂದ್ರಲ್ಲ ಮಾವ, ಅದಕ್ಕೇ ನಾನು ನಿನ್ನೆ ನೆಮ್ಮದಿಯಾಗಿ ನಿದ್ದೆ ಮಾಡಿದ್ದು. ಸರಿ, ಇಡ್ತೀನಿ. ಹನ್ನೊಂದು ಜನ ನನಗೋಸ್ಕರ ಕಾಯ್ತಿದ್ದಾರೆ!"

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ಬಂಧುಗಳೇ, ಟೆಕ್ಸಾಸ್‌ನ ಚಳಿ ಹೇಳಿ ಕೇಳಿ ಬರುವುದಿಲ್ಲ. ಹವಾಮಾನದ ಸುದ್ದಿಯಲ್ಲಿ ಚಳಿ ಎಂದು ಕಿವಿಗೆ ಬಿದ್ದ ಕೂಡಲೇ ಕಾರನ್ನು ಒಳಗೆ ತನ್ನಿ, ಚಾರ್ಜಿಗೆ ಹಾಕಿ. ಚಳಿ ಜೋರಾಗಿ ಕರೆಂಟು ಹೋದಮೇಲೆ ಪರದಾಡಬೇಡಿ. ಹೊರಡುವವರೆಗೂ ಪ್ಲಗ್ ತೆಗೆಯಬೇಡಿ. ಚಾರ್ಜರಿನ ವೈರಿಂಗ್ ಬಲ್ಲವರಿಂದ ಮಾಡಿಸಿ. ಕಾರು ಬೆಚ್ಚಗಾದ ಮೇಲೆ ಹತ್ತಿ, ನಡುಗುತ್ತಾ ಓಡಿಸಬೇಡಿ. ಮನೆಯಲ್ಲಿ ಯಾರಿಗಾದರೂ ಭಯವಿದ್ದರೆ ಗದರಬೇಡಿ; ಕೂರಿಸಿಕೊಂಡು ತೋರಿಸಿ, ಅವರ ಕೈಯಲ್ಲೇ ಮುಟ್ಟಿಸಿ ನೋಡಿ. ನಾಳೆ ಬೆಳಿಗ್ಗೆ ನಿಮಗಾಗಿಯೂ ಯಾರೋ ಕಾಯುತ್ತಿರುತ್ತಾರೆ. ಅವರನ್ನು ಕಾಯಿಸಬೇಡಿ.