ಅಕ್ಟೋಬರ್ ಎರಡರ ಎಡೆ

ವರ್ಷಿಣಿ ಚಾರ್ಟ್ ಶೀಟನ್ನು ನಡುಮನೆಯ ನೆಲದ ಮೇಲೆ ಹಾಸಿ, ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟು, ಅಜ್ಜಿಗೆ ಓದಿ ಹೇಳುತ್ತಿದ್ದಳು. ಮರುದಿನ ಶಾಲೆಯಲ್ಲಿ ಗಾಂಧಿ ಜಯಂತಿ. ಏಳನೇ ತರಗತಿಯ ಕಡೆಯಿಂದ ‘ಇತಿಹಾಸದಲ್ಲಿ ಈ ದಿನ’ ಹೇಳುವ ಕೆಲಸ ಅವಳ ಪಾಲಿಗೆ ಬಂದಿತ್ತು.

“1869, ಪೋರಬಂದರಿನಲ್ಲಿ ಮಹಾತ್ಮ ಗಾಂಧಿಯವರ ಜನನ. 1904, ಲಾಲ್ ಬಹದ್ದೂರ್ ಶಾಸ್ತ್ರಿಯವರ ಜನನ. 1906, ಚಿತ್ರಕಾರ ರಾಜಾ ರವಿವರ್ಮ ನಿಧನ. 1959, ರಾಜಸ್ಥಾನದ ನಾಗೌರ್‌ನಲ್ಲಿ ಪಂಚಾಯತ್ ರಾಜ್ ವ್ಯವಸ್ಥೆಗೆ ಚಾಲನೆ. 1975, ಕಾಮರಾಜ್ ನಿಧನ. 2014, ಸ್ವಚ್ಛ ಭಾರತ ಅಭಿಯಾನ ಆರಂಭ. ನಾಳೆಗೆ ಅದಕ್ಕೆ ಹತ್ತು ವರ್ಷ.”

ಲಕ್ಷ್ಮಮ್ಮ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ಕೇಳಿದರು. “ಅಷ್ಟೇಯಾ?”

“ಅಷ್ಟೇ ಅಜ್ಜಿ.”

“ನಿಮ್ಮಪ್ಪಂದು?”

ವರ್ಷಿಣಿ ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. “ಅದು ಇತಿಹಾಸ ಅಲ್ಲ ಅಜ್ಜಿ. ಎಲ್ಲರಿಗೂ ಗೊತ್ತಿರೋದನ್ನ ಮಾತ್ರ ಬರೀಬೇಕು ಅಂತ ಸುಷ್ಮಾ ಮಿಸ್ ಹೇಳವ್ರೆ.”

“ಇವ್ರಲ್ಲಿ ಗಾಂಧಿ ಒಬ್ರು ನಂಗೆ ಗೊತ್ತು. ಮಿಕ್ಕೋರು ಯಾರೂ ಗೊತ್ತಿಲ್ಲ ಬುಡು,” ಎಂದು ಲಕ್ಷ್ಮಮ್ಮ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು.

ಅಡುಗೆಮನೆಯಲ್ಲಿದ್ದ ಶಾಲಿನಿಗೆ ಇದೆಲ್ಲ ಕೇಳಿಸುತ್ತಿತ್ತು, ಪಕ್ಕದ ಮನೆಯ ಟೀವಿ ಕೇಳಿಸುವ ಹಾಗೆ. ಒಂದು ವರ್ಷದಿಂದ ಅವಳಿಗೆ ಎಲ್ಲವೂ ಕೇಳಿಸುತ್ತಿದ್ದದ್ದು ಹೀಗೆಯೇ. ಹೆಬ್ಬಾಳದ ಕಂಪನಿಗಳಿಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದ ಗಂಡ ಮಹೇಂದ್ರ, ಹಿಂದಿನ ವರ್ಷದ ಅಕ್ಟೋಬರ್ ಎರಡರಂದು ಹೃದಯ ನಿಂತು ತೀರಿಕೊಂಡಿದ್ದ. ನಲವತ್ತೆರಡು ವರ್ಷ. ಶಾಲಿನಿ ಅವತ್ತು ಅಳಲಿಲ್ಲ. ಮಣ್ಣು ಮಾಡಲು ಅವನನ್ನು ವರುಣಾದ ಹತ್ತಿರದ ಊರಿಗೆ ಒಯ್ದಾಗಲೂ ಅಳಲಿಲ್ಲ. ಹೆಂಗಸರು ಅವಳನ್ನು ತಬ್ಬಿಕೊಂಡು ತಾವೇ ಅತ್ತು, ಆಮೇಲೆ ಆಚೆ ಹೋಗಿ “ಎದೆ ಕಲ್ಲು” ಅಂದರು. ಹದಿನಾಲ್ಕನೇ ದಿನ ಅವಳು ಗಾರ್ಮೆಂಟ್ಸ್‌ನ ಚೆಕ್ಕಿಂಗ್ ಟೇಬಲ್ಲಿಗೆ ವಾಪಸಾದಳು. ದಿನಕ್ಕೆ ನಾನೂರು ಅಂಗಿಗಳ ಗುಂಡಿ, ಕಾಲರು, ಹೊಲಿಗೆ ನೋಡುತ್ತಿದ್ದಳು. ಒಂದೂ ತಪ್ಪು ಬಿಡುತ್ತಿರಲಿಲ್ಲ. ಮಗ ಹೋದ ಮೇಲೆ ಲಕ್ಷ್ಮಮ್ಮ ಊರಿನಿಂದ ಬಂದು ವಿಜಯನಗರ ನಾಲ್ಕನೇ ಹಂತದ ಈ ಮೊದಲ ಮಹಡಿಯ ಮನೆಯಲ್ಲೇ ಉಳಿದರು. ಇಬ್ಬರೂ ಸೊಪ್ಪು, ಗ್ಯಾಸು, ಮಗುವಿನ ಜ್ವರದ ಮಾತಾಡುತ್ತಿದ್ದರು. ಅವನ ಮಾತು ಆಡುತ್ತಿರಲಿಲ್ಲ.

ವರ್ಷದ ಕಾರ್ಯ ಊರಲ್ಲಿ ಆಗಲೇ ಮುಗಿದಿತ್ತು. ಈ ಸಲ ಮಹಾಲಯ ಅಮಾವಾಸ್ಯೆ ಬಂದದ್ದೂ ಅಕ್ಟೋಬರ್ ಎರಡಕ್ಕೇ. ಹಿರಿಯರ ಸಾಲಿನಲ್ಲಿ ಮಹೇಂದ್ರನಿಗೂ ಎಡೆ ಇಡುವುದು ಇದೇ ಮೊದಲು. ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ, ಹೊಸ ಅಂಗಿ ಎಂದು ಲಕ್ಷ್ಮಮ್ಮ ಹದಿನೈದು ದಿನದಿಂದ ಹೇಳುತ್ತಿದ್ದರು. ಶಾಲಿನಿ ಎಲ್ಲದಕ್ಕೂ “ಆಯ್ತು ಅತ್ತೆ” ಅಂದಿದ್ದಳು.

ಮರುದಿನ ಬೆಳಗ್ಗೆ ಏಳಕ್ಕೆ ಅವಳು ಬ್ಯಾಗು, ಸ್ಟೀಲ್ ಡಬ್ಬಿ ಹಿಡಿದು ಚಪ್ಪಲಿ ಹಾಕಿಕೊಂಡಳು. “ಮಟನ್ ತಂದ್ಬುಡ್ತೀನಿ. ಆಮೇಲೆ ಇವಳ ಸ್ಕೂಲಿಗೆ ಹೋಗ್ಬರೋಣ.”

ಜಡೆಗೆ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದ ವರ್ಷಿಣಿ ತಿರುಗಿ ನೋಡಿದಳು. “ಅಮ್ಮ, ಇವತ್ತು ಮಟನ್ ಅಂಗಡಿ ಇರಲ್ಲ. ಗಾಂಧಿ ಜಯಂತಿ ಅಲ್ವಾ?”

ಶಾಲಿನಿ ಬಾಗಿಲಲ್ಲೇ ನಿಂತಳು. ವಾರದಿಂದ ಆ ಚಾರ್ಟು ಮನೆಯಲ್ಲಿತ್ತು. ಕಂಪನಿಯಲ್ಲಿ ರಜೆಯ ನೋಟಿಸ್ ಅಂಟಿಸಿದ್ದರು. ಅವಳೇ ಓದಿದ್ದಳು. ಆದರೂ ಎರಡನೇ ತಾರೀಖು ಎಂದರೆ ಅವಳ ತಲೆಯಲ್ಲಿ ಇದ್ದದ್ದು ಒಂದೇ ಸಂಗತಿ. ಆ ದಿನ ಊರಿಗೆಲ್ಲ ಇನ್ನೇನೋ ಆಗಿರುತ್ತದೆ ಎನ್ನುವುದು ಒಳಗೆ ಇಳಿದೇ ಇರಲಿಲ್ಲ.

“ಅಯ್ಯೋ ಶಿವನೇ,” ಎಂದರು ಲಕ್ಷ್ಮಮ್ಮ. “ಅಮಾಸೆ ದಿನ ಊರಿಗೂರೇ ಎಡೆ ಇಕ್ತದೆ. ಇವತ್ತೇ ಮುಚ್ಚುಸ್ಬುಟ್ರೆ ಎಂಗೆ? ಗಾಂಧಿ ತಾತ ಬ್ಯಾಡ ಅಂದಿರ್ತಿದ್ರಾ?”

“ನಿನ್ನೇನೇ ತಂದು ಫ್ರಿಜ್ಜಲ್ಲಿ ಇಡಬೇಕಿತ್ತು ಅತ್ತೆ.”

“ಇಡಬೇಕಿತ್ತು ಅಂತ ಈಗ ಯೋಳ್ತೀಯಲ್ಲಾ.” ಗಟ್ಟಿಯಾಗಿ ಬೈಯಲಿಲ್ಲ. ಆದರೆ ಮುಖ ತಿರುಗಿಸಿ ನಿಂತರು. “ಮೊದಲ್ನೇ ಎಡೆ. ನನ್ ಮಗ ಸಪ್ಪೆ ಊಟ ಮಾಡ್ಕೊಂಡ್ ಓಗ್ಬೇಕಾ?”

“ನೋಡ್ತೀನಿ,” ಅಂದಳು ಶಾಲಿನಿ.

ಶಾಲೆಯ ಅಂಗಳದಲ್ಲಿ ಗಾಂಧಿ, ಶಾಸ್ತ್ರಿಯವರ ಫೋಟೋಗಳಿಗೆ ಹಾರ ಹಾಕಿದ್ದರು. ಹೆಡ್‌ಮಾಸ್ಟರ ಭಾಷಣವಾದ ಮೇಲೆ ವರ್ಷಿಣಿ ಮೈಕಿನ ಮುಂದೆ ಬಂದಳು. ಚಾರ್ಟನ್ನು ಇಬ್ಬರು ಹುಡುಗಿಯರು ಹಿಡಿದುಕೊಂಡಿದ್ದರು. ಅವಳು ತಡವರಿಸದೆ ಓದಿದಳು. ರವಿವರ್ಮ ನಿಧನ ಎನ್ನುವಾಗಲೂ, ಕಾಮರಾಜ್ ನಿಧನ ಎನ್ನುವಾಗಲೂ ದನಿ ಒಂದೇ ಸಮ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಗೋಡೆಯ ಬದಿಗೆ ನಿಂತಿದ್ದ ಶಾಲಿನಿ ತಾನೂ ತಟ್ಟಿದಳು. ಮಗಳು ತನ್ನ ಹಾಗೇ ಆಗುತ್ತಿದ್ದಾಳೆ ಅನ್ನಿಸಿತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸಲು ಹೋದರೆ ಯೋಚನೆ ಮುಂದಕ್ಕೆ ಹೋಗಲಿಲ್ಲ.

ಸುಷ್ಮಾ ಮಿಸ್ ಹತ್ತಿರ ಬಂದರು. “ಮೇಡಂ, ನಂಗೆ ನಿನ್ನೆ ಸಾಯಂಕಾಲ ಗೊತ್ತಾಯ್ತು, ಅವಳ ತಂದೇದೂ ಇವತ್ತೇ ಅಂತ. ಗೊತ್ತಿದ್ರೆ ಬೇರೆ ಮಗೂಗೆ ಕೊಡ್ತಿದ್ದೆ.”

“ಪರವಾಗಿಲ್ಲ ಮಿಸ್.”

“ಅವಳು ಒಂದ್ಮಾತೂ ಹೇಳ್ಲಿಲ್ಲ ನೋಡಿ.”

“ಹೇಳಲ್ಲ ಅವಳು,” ಎಂದಳು ಶಾಲಿನಿ. ವರ್ಷಿಣಿಗೆ ಲಾಡು ಕೊಟ್ಟಿದ್ದರು. ಅವಳನ್ನು ಗೆಳತಿಯರ ಜೊತೆ ಮನೆಗೆ ಕಳಿಸಿ ಶಾಲಿನಿ ಮುಖ್ಯರಸ್ತೆಗೆ ಬಂದಳು.

ಅವರು ಯಾವಾಗಲೂ ಮಟನ್ ತರುತ್ತಿದ್ದ ಅಂಗಡಿಯ ಷಟರ್ ಎಳೆದಿತ್ತು. ಆದರೆ ಪಕ್ಕದ ಓಣಿಯಲ್ಲಿ, ಹಿಂಬಾಗಿಲ ಹತ್ತಿರ, ಎಂಟು ಹತ್ತು ಜನ ಬ್ಯಾಗುಗಳನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬರು ಮುದುಕರು ಮಾತ್ರ ಯಾರೂ ಕೇಳದಿದ್ದರೂ ಹೇಳಿದರು, “ನಮ್ಮಪ್ಪಂಗೆ ತಲೆಮಾಂಸ ಆಗ್ಬೇಕು. ಸಿಕ್ತದೋ ಇಲ್ವೋ.” ಶಾಲಿನಿ ಸಾಲಿನ ಕೊನೆಯಲ್ಲಿ ನಿಂತಳು. ಒಳಗೆ ಕತ್ತಿಯ ಸದ್ದು ಕೇಳುತ್ತಿತ್ತು.

ಕಾಲು ಗಂಟೆಯಾಗಿರಬೇಕು. ಓಣಿಯ ತುದಿಯಲ್ಲಿ ಪಾಲಿಕೆಯ ಜೀಪು ಬಂದು ನಿಂತಿತು. ಕತ್ತಿಯ ಸದ್ದು ನಿಂತಿತು. ಚಿಲಕ ಬಿದ್ದ ಸದ್ದಾಯಿತು. ಸಾಲಿನಲ್ಲಿದ್ದವರು ಅವರವರ ದಾರಿ ಹಿಡಿದರು. ತಲೆಮಾಂಸದ ಮುದುಕರು ಕೂಡ ಪಂಚೆ ಎತ್ತಿಕೊಂಡು ಬಿರಬಿರನೆ ಹೋದರು. ಶಾಲಿನಿಗೆ ಓಡಬೇಕು ಅನ್ನಿಸಲೇ ಇಲ್ಲ. ಮುಚ್ಚಿದ ಬಾಗಿಲ ಮುಂದೆ ಡಬ್ಬಿ ಹಿಡಿದು ಒಬ್ಬಳೇ ನಿಂತಿದ್ದಳು.

ಜೀಪಿನಿಂದ ಇಳಿದ ಅಧಿಕಾರಿಗೆ ಐವತ್ತರ ಮೇಲಾಗಿತ್ತು. “ಏನಮ್ಮಾ, ಇಲ್ಲ್ಯಾಕೆ ನಿಂತಿದ್ದೀರಿ?”

“ಮಟನ್‌ಗೆ ಸಾರ್.”

ಅವರು ಅವಳನ್ನು ಮೇಲಿಂದ ಕೆಳಕ್ಕೆ ನೋಡಿದರು. “ಇವತ್ತು ಮಾರಂಗಿಲ್ಲ, ಗೊತ್ತಿಲ್ವಾ?”

“ಮಗಳು ಹೇಳಿದ್ಲು. ನಮ್ಮನೆಯವರು ಹೋದ ವರ್ಷ ಇದೇ ತಾರೀಖು ತೀರಿಕೊಂಡ್ರು. ಮೊದಲನೇ ಎಡೆ. ಅತ್ತೆ ಕಾಯ್ತಾ ಇದ್ದಾರೆ.”

ಬೇರೆ ಯಾರದೋ ವಿಷಯ ಹೇಳಿದ ಹಾಗೆ ಹೇಳಿದಳು. ಅಧಿಕಾರಿ ಬಾಗಿಲು ಬಡಿಯಲು ಎತ್ತಿದ್ದ ಕೈ ಇಳಿಸಿದರು. ಜೀಪಿನಲ್ಲಿ ಕೂತಿದ್ದವರಿಗೆ ಕೇಳದಂತೆ ಹೇಳಿದರು, “ನಮ್ಮನೇಲೂ ಇವತ್ತು ಅಮ್ಮಂಗೆ ಎಡೆ ಕಣಮ್ಮ. ನಾವು ನಿನ್ನೇನೇ ತಂದಿಟ್ಕೊಂಡ್ವಿ. ನಿಮಗೆ ನೆನಪಾಗ್ಲಿಲ್ವಾ?”

“ಇಲ್ಲ ಸಾರ್.”

“ಮೊಟ್ಟೆ ತಗೊಂಡ್ಹೋಗಿ. ಮೊಟ್ಟೆಗೆ ಯಾರೂ ಏನೂ ಅನ್ನಲ್ಲ.”

ಅವಳು ಹನ್ನೆರಡು ಮೊಟ್ಟೆ ತಂದಳು.

ಲಕ್ಷ್ಮಮ್ಮ ಆಗಲೇ ಮಸಾಲೆ ರುಬ್ಬಿ ಇಟ್ಟಿದ್ದರು. ಕಟ್ಟೆಯ ಮೇಲಿಟ್ಟ ಮೊಟ್ಟೆಗಳನ್ನು ನೋಡಿ, “ಅವ್ನು ಮೊಟ್ಟೆ ಮುಟ್ತಿರ್ಲಿಲ್ಲ,” ಎಂದರು.

“ತಿಂತಿದ್ರು ಅತ್ತೆ.”

“ನಾನ್ ಎತ್ತ ಮಗ ಕಣಮ್ಮ. ವಾಸ್ನೆ ಅಂತ ತಟ್ಟೆ ಬುಟ್ಟು ಎದ್ದೋಗೋನು.”

“ಚಿಕ್ಕೋರಿದ್ದಾಗ ಇರಬಹುದು. ಇಲ್ಲಿ ತಿಂತಿದ್ರು. ಫಸ್ಟ್ ಶಿಫ್ಟ್ ಇದ್ದಾಗ ಬೆಳಗ್ಗೆ ನಾಲ್ಕೂವರೆಗೆ ಎರಡು ಆಮ್ಲೆಟ್ ಮಾಡಿಕೊಡ್ತಿದ್ದೆ. ಹಸಿ ಮೆಣಸಿನಕಾಯಿ ಜಾಸ್ತಿ ಹಾಕು ಅನ್ನೋರು.”

“ನಿಂಗೆ ಬೇಜಾರಾಗ್ತದೆ ಅಂತ ತಿಂದಿರ್ತಾನೆ.”

“ಹದಿಮೂರು ವರ್ಷವಾ?” ಶಾಲಿನಿಯ ದನಿ ಏರಿತು. ಅದು ಅವಳಿಗೇ ಹೊಸದಾಗಿ ಕೇಳಿಸಿತು. “ಹದಿಮೂರು ವರ್ಷ ಬೇಜಾರಾಗ್ತದೆ ಅಂತ ತಿಂತಾರಾ ಯಾರಾದ್ರೂ? ನಿಮಗೆ ಗೊತ್ತಿಲ್ದಿರೋದೂ ಇತ್ತು ಅತ್ತೆ ಅವರಲ್ಲಿ.”

ಲಕ್ಷ್ಮಮ್ಮ ಸೌಟು ಹಿಡಿದುಕೊಂಡು ನಿಂತೇ ಇದ್ದರು. ವರ್ಷಿಣಿ ಬಾಗಿಲ ಹತ್ತಿರ ಬಂದು ಇಬ್ಬರನ್ನೂ ನೋಡಿದಳು. “ಬಿಳೀದು ತಿಂದು ಹಳದಿ ನಂಗೆ ಕೊಡೋರು,” ಎಂದಳು ಮೆಲ್ಲಗೆ. “ಬೇಯಿಸಿದ್ರೆ. ಆಮ್ಲೆಟ್ ಆದ್ರೆ ಪೂರ್ತಿ ತಿನ್ನೋರು.”

ಲಕ್ಷ್ಮಮ್ಮ ಒಂದು ಪಾತ್ರೆಗೆ ನೀರಿಟ್ಟು ಎಂಟು ಮೊಟ್ಟೆ ಬೇಯಲು ಹಾಕಿ, ಉಳಿದ ನಾಲ್ಕನ್ನು ಸೊಸೆಯ ಕಡೆ ತಳ್ಳಿದರು. “ಆಮ್ಲೆಟ್ಟೂ ಮಾಡು. ಇಟ್ಬುಡಾನ.”

ಮಧ್ಯಾಹ್ನ ಒಂದೂವರೆಗೆ ಎಡೆ ಹಾಕಿದರು. ಬಾಳೆ ಎಲೆಯಲ್ಲಿ ಮುದ್ದೆ, ಮೊಟ್ಟೆ ಸಾರು, ವಡೆ, ಕಜ್ಜಾಯ, ಆಮ್ಲೆಟ್. ಫೋಟೋದ ಮುಂದೆ ಹೊಸ ಅಂಗಿ. ಧೂಪ ಹಾಕಿ, ಕೈ ಮುಗಿದು, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಮೂವರೂ ಹೊರಗೆ ಮೆಟ್ಟಿಲ ಮೇಲೆ ಕೂತರು. ಕೆಳಗಿನ ರಸ್ತೆಯಲ್ಲಿ ಓಡಾಟವೇ ಇರಲಿಲ್ಲ.

“ಅಮ್ಮ,” ಎಂದಳು ವರ್ಷಿಣಿ. “ಹೋದ ವರ್ಷ ಇವತ್ತು ಏನಾಯ್ತು? ನಾನು ಸ್ಕೂಲಲ್ಲಿದ್ದೆ. ಯಾರೂ ಹೇಳ್ಲೇ ಇಲ್ಲ.”

ಶಾಲಿನಿ ಅತ್ತೆಯನ್ನು ನೋಡಿದಳು. ಲಕ್ಷ್ಮಮ್ಮನವರೂ ಅವತ್ತು ಊರಲ್ಲಿದ್ದರು. ಅವರಿಗೂ ಯಾರೂ ಸರಿಯಾಗಿ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

“ರಜೆ ಅಲ್ವಾ, ಎಂಟು ಗಂಟೆವರೆಗೂ ಮಲಗಿದ್ರು,” ಎಂದು ಶಾಲಿನಿ ಶುರು ಮಾಡಿದಳು. “ಎದ್ದು ತಿಂಡಿ ಬೇಡ, ಟೀ ಕುಡ್ಕೊಂಡು ಬರ್ತೀನಿ ಅಂದ್ರು. ಕೊತ್ತಂಬರಿ ಸೊಪ್ಪು ತನ್ನಿ ಅಂದೆ. ಒಂಬತ್ತು ಗಂಟೆಗೆ ಹೋದ್ರು. ಒಂಬತ್ತೂವರೆಗೆ ಫೋನ್ ಮಾಡ್ದೆ, ಎತ್ತಲಿಲ್ಲ. ಇನ್ನೊಂದ್ಸಲ ಮಾಡ್ದೆ. ಸಿಟ್ಟು ಬಂತು. ಬರಲಿ ಅಂತ ಸುಮ್ಮನಾದೆ. ಬಟ್ಟೆ ಒಗೆದೆ.”

ಅವಳು ಕೆಳಗಿನ ರಸ್ತೆಯನ್ನು ನೋಡುತ್ತ ಮುಂದುವರಿಸಿದಳು.

“ಟೀ ಅಂಗಡಿ ಪಕ್ಕದ ಹಾರ್ಡ್‌ವೇರ್ ಅಂಗಡಿ ಬಾಗಿಲು ಹಾಕಿತ್ತು. ಅದರ ಮೆಟ್ಟಿಲ ಮೇಲೆ ಕೂತಿದ್ರಂತೆ, ಗೋಡೆಗೆ ಒರಗಿಕೊಂಡು. ಜನ ಓಡಾಡ್ತಾನೇ ಇದ್ರು. ರಜಾ ದಿನ, ಯಾರೋ ತೂಕಡಿಸ್ತಾ ಅವ್ರೆ ಅಂದ್ಕೊಂಡ್ರಂತೆ. ಮುಕ್ಕಾಲು ಗಂಟೆ ಹಂಗೇ ಇದ್ರು. ಆಮೇಲೆ ಶಿವರಾಮು ಅಂತ, ಅವರ ಜೊತೇಲಿ ಬಸ್ ಓಡಿಸೋರು, ಮಾತಾಡಿಸೋಕೆ ಹೋಗಿ ಭುಜ ಮುಟ್ಟಿದ್ರು. ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡೋದ್ರು. ನಾನು ಹೋಗೋಷ್ಟರಲ್ಲಿ ಮುಖದ ಮೇಲೆ ಬಟ್ಟೆ ಹಾಕಿದ್ರು. ಆಗ ಗಂಟೆ ಹತ್ತೂ ಐವತ್ತು. ಜೇಬಲ್ಲಿ ಕೊತ್ತಂಬರಿ ಸೊಪ್ಪಿತ್ತು.”

“ಆಮೇಲೆ?” ಎಂದಳು ವರ್ಷಿಣಿ.

“ಆಮೇಲೆ ನಿನ್ನ ಕರ್ಕೊಂಡು ಬರೋಕೆ ಸ್ಕೂಲಿಗೆ ಬಂದೆ. ಕಾರ್ಯಕ್ರಮ ಮುಗಿದಿತ್ತು. ಗೇಟ್ ಹತ್ರ ನೀನು ಲಾಡು ತಿಂತಾ ನಿಂತಿದ್ದೆ. ಪೂರ್ತಿ ತಿನ್ನಲಿ ಅಂತ ಕಾದೆ.”

ವರ್ಷಿಣಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ಅಳುತ್ತಿದ್ದಳು, ಸದ್ದಿಲ್ಲದೆ. ಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯ ಕೈ ಹಿಡಿದರು. “ತಣ್ಣಗೈತಲ್ಲವ್ವ ಕೈ,” ಎಂದು ಎರಡೂ ಅಂಗೈ ನಡುವೆ ಇಟ್ಟು ಉಜ್ಜಿದರು. “ಎರಡ್ ಸಲ ಪೋನ್ ಮಾಡಿದ್ಯಲ್ಲ ನೀನು. ಮಾಡಿದ್ಯಲ್ಲ. ಬುಡು.”

ಶಾಲಿನಿಗೆ ಅಳು ಬರಲಿಲ್ಲ. ಅತ್ತೆಯ ಅಂಗೈ ಒರಟಾಗಿತ್ತು. ಉಜ್ಜಿದ ಕಡೆ ಸ್ವಲ್ಪ ಉರಿಯಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

ಹೊತ್ತಾದ ಮೇಲೆ ಲಕ್ಷ್ಮಮ್ಮ ಬಾಗಿಲು ಮೂರು ಸಲ ತಟ್ಟಿ ತೆಗೆದರು. ಧೂಪದ ಹೊಗೆ ಕೋಣೆಯ ತುಂಬ ನಿಂತಿತ್ತು. ಮೂವರೂ ಗೋಡೆಗೆ ಒರಗಿ ಕೂತು ಉಂಡರು. ಸಾರಿಗೆ ಉಪ್ಪು ಹೆಚ್ಚಾಗಿತ್ತು. “ಉಪ್ಪಾಗೈತೆ,” ಎಂದರು ಲಕ್ಷ್ಮಮ್ಮ. “ಹೂಂ,” ಎಂದಳು ಶಾಲಿನಿ. ಆದರೂ ಇಬ್ಬರೂ ಇನ್ನೊಂದು ಸಲ ಹಾಕಿಸಿಕೊಂಡರು.

ಮರುದಿನ ಶಾಲಿನಿಗೆ ಫಸ್ಟ್ ಶಿಫ್ಟ್ ಇತ್ತು. ಪಾತ್ರೆ ತೊಳೆದಿಟ್ಟು, ಯೂನಿಫಾರಂ ಇಸ್ತ್ರಿ ಮಾಡಿ, ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡಳು.