ಉತ್ತರದ ಗೋಡೆಯ ಕುರ್ಚಿ

“ಅಲ್ಲಲ್ಲ, ಆ ಸ್ಟೂಲು ಬೇಡ. ನೀವು ಇಲ್ಲಿ ಕೂತ್ಕೊಳ್ಳಿ.”

ಅಪ್ಪ ತನ್ನ ಕುರ್ಚಿಯನ್ನು ಅಂಗಿಯ ತೋಳಿನಿಂದ ಒರೆಸಿದ. ರುಯ್‌ಲಾನ್ ಹೊಸ್ತಿಲಲ್ಲೇ ನಿಂತಳು. ಉತ್ತರದ ಗೋಡೆಗೆ ತಾಗಿ, ಬಾಗಿಲಿಗೆ ಮುಖಮಾಡಿದ್ದ ಆ ಕುರ್ಚಿಯಲ್ಲಿ ಮೊದಲು ಅಜ್ಜ ಕೂರುತ್ತಿದ್ದ, ಅಜ್ಜನ ನಂತರ ಅಪ್ಪ. ಅದರ ಮೇಲಿನ ಗೋಡೆಯಲ್ಲಿ ತೀರಿಹೋದ ಹಿರಿಯರ ಹೆಸರು ಕೆತ್ತಿದ ಹಲಗೆಗಳು. ಮದುವೆಯ ದಿನ ಅವಳೂ ಗಂಡನೂ ಅದರ ಮುಂದೆಯೇ ಮಂಡಿಯೂರಿ ನೆಲಕ್ಕೆ ಹಣೆ ಮುಟ್ಟಿಸಿದ್ದರು.

“ಇದೇನಪ್ಪ?”

“ಸರ್ಕಾರದ ಕೆಲಸಕ್ಕೆ ಬಂದಿದ್ದೀರಲ್ಲ. ಸರ್ಕಾರದವರನ್ನ ಸ್ಟೂಲ್ ಮೇಲೆ ಕೂರಿಸೋದಾ? ರೀತಿ ಅಂತ ಒಂದಿದೆ.”

ಅವಳು ಯಾಕೆ ಬಂದಳೆಂದು ಓಣಿಗೆಲ್ಲ ಗೊತ್ತಿತ್ತು. ಓಣಿಯ ಬಾಯಲ್ಲಿ ಮನೆ ಖಾಲಿ ಮಾಡಿ ಮೂರುಗಾಲಿ ಗಾಡಿಗೆ ಪಾತ್ರೆ ಹೇರುತ್ತಿದ್ದ ನೆರೆಮನೆಯ ಲು ಅತ್ತೆ ಆಗಲೇ ನಕ್ಕಿದ್ದಳು. “ಬಂದ್ಯಾ ಲಾನ್? ನಿಮ್ಮಪ್ಪನ ಹತ್ರ ನಿನ್ನ ಕಳಿಸಿದ್ರು, ನನ್ನ ಹತ್ರ ಅಳಿಯನ್ನ ಕಳಿಸಿದ್ರು ಕಣೆ. ಕರೆಂಟ್ ಆಫೀಸಿನೋನಲ್ವ! ಮದುವೆ ಆದಾಗಿಂದ ಅತ್ತೆ ಮನೆಗೆ ಹಣ್ಣು ತಂದಿದ್ದು ಅದೇ ಮೊದಲು.”

ಸರ್ಕಾರದವರು ಓಣಿ ಕೆಡವಿ ಅಲ್ಲಿ ಕನ್ಫ್ಯೂಷಿಯಸ್ ಗುರುವಿನ ಹೆಸರಿನಲ್ಲಿ ಸಂಸ್ಕೃತಿ ಉದ್ಯಾನ ಕಟ್ಟುವವರಿದ್ದರು. ಒಪ್ಪದೆ ಉಳಿದವನು ಅಪ್ಪ ಒಬ್ಬನೇ. ಅವಳು ಪಾಠ ಮಾಡುವ ಶಾಲೆಯ ಹೆಡ್‌ಮಾಸ್ತರ್ ಪಾಂಗ್ ತಾವೇ ಚಹಾ ಬಗ್ಗಿಸಿಕೊಟ್ಟು, ಗುರುವಿನ ಪಟದ ಕೆಳಗೆ ಕೂತು ಮೆತ್ತಗೆ ಹೇಳಿದ್ದರು: “ಮಕ್ಕಳಿಗೆ ಗುರುಗಳ ಪಾಠ ಹೇಳಿಕೊಡೋರೇ ನೀವು. ನಿಮ್ಮ ಮಾತು ಮನೇಲೇ ನಡೆಯಲ್ಲ ಅಂದ್ರೆ ಶಾಲೇಲಿ ಹೇಗೆ ನಡೆಯುತ್ತೆ? ಅಪ್ಪನ್ನ ಒಪ್ಪಿಸಿ. ಆಮೇಲೆ ಕ್ಲಾಸಿಗೆ ಬನ್ನಿ.”

ಅವಳು ಕೂರುವ ತನಕ ಅಪ್ಪ ಮಾತಾಡುವಂತೆ ಕಾಣಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತಳು. ಅಪ್ಪ ಎದುರಿಗೆ ಕೈಕಟ್ಟಿ ನಿಂತ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತನ್ನೇ ತೆಗೆದಳು.

“ದೇಶ ಅಂದ್ರೆ ದೊಡ್ಡ ಮನೆ ಅಪ್ಪ. ದೊಡ್ಡ ಮನೆಗೋಸ್ಕರ ಚಿಕ್ಕ ಮನೆ…”

“ಹೇಳಿ, ಹೇಳಿ. ಇದನ್ನೆಲ್ಲ ನಾನೇ ಬಾಯಿಪಾಠ ಮಾಡ್ಸಿದ್ದು. ಚೆನ್ನಾಗಿ ನೆನಪಿಟ್ಕೊಂಡಿದ್ದೀರಿ.”

“ಹೀಗೆ ಮಾತಾಡ್ಬೇಡಿ. ನಾನು ನಿಮ್ಮ ಮಗಳು.”

“ಮಗಳು ಬಂದಿದ್ರೆ ಹಿತ್ತಲಿಂದ ನುಗ್ಗಿ, ಒಲೆ ಮೇಲೆ ಏನಿದೆ ಅಂತ ಮುಚ್ಚಳ ತೆಗೀತಿದ್ಲು. ನೀವು ಮುಂಬಾಗಿಲು ತಟ್ಟಿದ್ರಿ.”

ತಟ್ಟಿದ್ದು ನಿಜ. ಯಾಕೆ ತಟ್ಟಿದೆ ಎಂದು ಅವಳಿಗೇ ತಿಳಿಯಲಿಲ್ಲ.

“ಒಂದೇ ಮಾತು ಕೇಳ್ತೀನಿ,” ಅಂದ ಅಪ್ಪ. “ನಾನು ಹೆಬ್ಬೆಟ್ಟು ಒತ್ತದಿದ್ರೆ ನಿಮ್ಮ ಕೆಲಸ ಹೋಗುತ್ತಾ?”

ಹೋದರೆ ಹೋಗಲಿ ಅನ್ನಬೇಕಿತ್ತು. ಹಾಗೆನ್ನುವುದೆಂದು ಬಸ್ಸಿಳಿಯುವಾಗ ನಿರ್ಧರಿಸಿಯೂ ಇದ್ದಳು.

“ಹೋಗುತ್ತೆ,” ಅಂದಳು.

ಅಪ್ಪ ಬೋಗುಣಿಯಲ್ಲಿ ಕೈ ತೊಳೆದು ಒರೆಸಿಕೊಂಡ. ಅವಳು ತಂದಿದ್ದ ಒಪ್ಪಿಗೆ ಕಾಗದದ ಮೇಲೆ ಹೆಬ್ಬೆರಳಿನ ಕೆಂಪು ಶಾಯಿಯ ಗುರುತು ಒತ್ತಿ, ಎರಡೂ ಕೈಯಲ್ಲಿ ಹಿಡಿದು, ಬಾಗಿ ಕೊಟ್ಟ. ಅವಳೂ ಎರಡೂ ಕೈಯಲ್ಲಿ ತೆಗೆದುಕೊಂಡಳು. ತೆಗೆದುಕೊಂಡವಳು, ತನಗೇ ಅರಿವಾಗುವ ಮೊದಲು, ಗೆರೆಗಳು ಸರಿಯಾಗಿ ಮೂಡಿವೆಯೇ ಎಂದು ಕಾಗದವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದಳು.

ತಲೆ ಎತ್ತಿದಾಗ ಅಪ್ಪ ಅದನ್ನೇ ನೋಡುತ್ತಿದ್ದ. ಆಮೇಲೆ ಒಳಗೆ ಹೋದ.

ಬಂದಾಗ ಅವನ ಕೈಯಲ್ಲಿ ಬಿಸಿ ಸಾರಿನ ಗೋಧಿ ಶಾವಿಗೆಯ ಎರಡು ಬಟ್ಟಲುಗಳಿದ್ದವು. ಮೊಟ್ಟೆ ಇದ್ದದ್ದನ್ನು ಅವಳ ಮುಂದಿಟ್ಟು, ಊಟದ ಕಡ್ಡಿಗಳನ್ನು ಪಕ್ಕಕ್ಕೆ ಜೋಡಿಸಿ, ತಾನು ಸ್ಟೂಲಿನ ಮೇಲೆ ಕೂತ. ದೊಡ್ಡ ಜಾಗದಲ್ಲಿ ಕೂತವರು ಕಡ್ಡಿ ಎತ್ತಿದ ಮೇಲೆಯೇ ಉಳಿದವರು ಎತ್ತುವುದು. ಅಪ್ಪ ಎತ್ತುವ ಮೊದಲು ಅವಳು ಈ ಮನೆಯಲ್ಲಿ ಒಂದು ತುತ್ತೂ ತಿಂದವಳಲ್ಲ.

“ತಗೊಳ್ಳಿ.”

“ನೀವು ಮೊದಲು, ಅಪ್ಪ.”

“ಛೆ, ಎಲ್ಲಾದ್ರೂ ಉಂಟಾ?”

ಹೊರಗೆ ಲು ಅತ್ತೆಯ ಗಾಡಿ ಪಾತ್ರೆಗಳ ಸದ್ದಿನೊಂದಿಗೆ ಓಣಿ ದಾಟಿ ಹೋಯಿತು. ಅಪ್ಪ ಮೊಣಕಾಲ ಮೇಲೆ ಕೈಯಿಟ್ಟು ಕಾಯುತ್ತ ಕೂತಿದ್ದ. ಹೆಬ್ಬೆರಳು ಇನ್ನೂ ಕೆಂಪಗಿತ್ತು. ಹಬೆ ತೆಳುವಾಗಿ, ನಿಂತೇಹೋಯಿತು. ಎರಡೂ ಬಟ್ಟಲುಗಳಲ್ಲಿ ಶಾವಿಗೆ ಸಾರನ್ನೆಲ್ಲ ಹೀರಿಕೊಳ್ಳುತ್ತ ಮೆಲ್ಲಗೆ ಉಬ್ಬತೊಡಗಿತು.